ಹತ್ತೂಕಾಲಿಗೆ ಮರೆಯಾಗುವ ಪುಟ

ಮಲ್ಲೇಶ್ವರಂ
18 ಜನವರಿ 2024

ಕೈಲಾಸ್ ಅವರಿಗೆ,

ನಮಸ್ಕಾರ. ಹಬ್ಬ ಚೆನ್ನಾಗಿ ಆಯಿತೆಂದು ನಂಬುತ್ತೇನೆ.

ಮೊನ್ನೆ ಮಂಗಳವಾರ ನಮ್ಮ ತಿದ್ದೋಲೆ ವೆಬ್ ಪುಟ ಮತ್ತೆ ಕಾಣೆಯಾಗಿತ್ತು. ವಕೀಲರ ಕಚೇರಿಯಲ್ಲಿ ಟೈಪ್ ಮಾಡುವ ಗಂಗರತ್ನಮ್ಮ ನನಗೆ ಬರೆದಿದ್ದಾರೆ. "ಅರ್ಜಿ ತಿದ್ದೋಣ ಅಂತ ಪುಟ ತೆಗೆದ್ರೆ ಬರೀ ಬಿಳಿ. ಹಾಗೇ ಕೊಟ್ಬಿಟ್ಟೆ. ಎರಡು ಕಾಗುಣಿತ ತಪ್ಪಿತ್ತು, ಸಾಹೇಬ್ರು ಎಲ್ಲರ ಮುಂದೆ ಅಂದ್ರು." ನಾವು ಮಾಡಿಟ್ಟಿರುವುದು ಕಾಗುಣಿತ ತಿದ್ದುವ ಪುಟ. ಅದನ್ನು ನಂಬಿದ್ದಕ್ಕೆ ಅವರು ಮಾತು ಕೇಳಬೇಕಾಯಿತು. ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ನಮ್ಮ ಏಳು ಜನರ ಗುಂಪು ಕಳೆದ ತಿಂಗಳು ತೀರ್ಮಾನಿಸಿದ್ದು ನಿಮಗೆ ನೆನಪಿದೆ: ಪುಟಕ್ಕೆ ಕಡಿಮೆ ಖರ್ಚಿನ, ನಂಬಿಕೆಯ ಹೋಸ್ಟಿಂಗ್ ಒಂದನ್ನು ನೀವೂ ನಾನೂ ಸೇರಿ ಯುಗಾದಿಯೊಳಗೆ ಆರಿಸಬೇಕು. ನೀವು ತಿಳಿದವರು. ನಾನು ಚಾಮರಾಜಪೇಟೆಯ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು. ನಾಲ್ಕು ವರ್ಷಗಳಿಂದ ನಿಮ್ಮ ಪದಪಟ್ಟಿಗೆ ಪದ ಸೇರಿಸುತ್ತಿದ್ದರೂ ಹೋಸ್ಟಿಂಗ್ ಎಂದರೇನೆಂದು ನನಗೆ ಗೊತ್ತಿಲ್ಲ. ಗುಂಪಿನಲ್ಲಿ ಎಲ್ಲರಂತೆ ಸರಿ ಎಂದು ಬರೆದೆ, ಅಷ್ಟೆ.

ಹಾಗಾಗಿ ಕೇಳುತ್ತೇನೆ, ನಗಬೇಡಿ. ನಮ್ಮ ಪುಟ ಈಗ ಎಲ್ಲಿದೆ? ಯಾವುದಾದರೂ ಒಂದು ಕೋಣೆಯಲ್ಲಿ, ಒಂದು ಮೇಜಿನ ಮೇಲೆ ಇರಲೇಬೇಕಲ್ಲವೇ? ಯಾರು ನೋಡಿಕೊಳ್ಳುತ್ತಾರೆ? ಕಾಣೆಯಾದಾಗ ಅದು ಎಲ್ಲಿಗೆ ಹೋಗಿರುತ್ತದೆ?

ನನ್ನ ಕಿವಿಗೆ ಫೋನು ಆಗದ ಕೆಲಸ. ಎಂದಿನಂತೆ ಮೇಲ್‌ನಲ್ಲೇ, ಪತ್ರದ ಹಾಗೆ ಉದ್ದವಾಗಿ ಬರೆಯಿರಿ.

ಇಂತಿ,
ಚೂಡಾಮಣಿ


ಬೆಂಗಳೂರು
21 ಜನವರಿ 2024

ಚೂಡಾಮಣಿ ಮೇಡಂ ಅವರಿಗೆ,

ನಮಸ್ಕಾರಗಳು. ಗಂಗರತ್ನಮ್ಮನವರಿಗೆ ಆದದ್ದು ಓದಿ ನಾಚಿಕೆಯಾಯಿತು. ಅವರಿಗೆ ನನ್ನ ಕ್ಷಮೆ ತಿಳಿಸಿ.

ನಿಮ್ಮ ಪ್ರಶ್ನೆಗೆ ನಗಲಿಲ್ಲ. ದರ್ಶಿನಿಯಲ್ಲಿ ದೋಸೆ ಕೇಳಿದರೆ ಆಗ ಹುಯ್ದು ಕೊಡುತ್ತಾರೆ. ಒಲೆ ಉರಿಯುತ್ತಿರಬೇಕು, ಭಟ್ಟರು ನಿಂತಿರಬೇಕು. ಬ್ಯಾಂಕಿನ ವೆಬ್‌ಸೈಟ್ ಆ ಥರ. ನಮ್ಮದು ಹಾಗಲ್ಲ, ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟ ಬನ್ನಿನ ಥರ. ಮೊದಲೇ ಮಾಡಿಟ್ಟದ್ದು, ಕೇಳಿದವರಿಗೆ ಎತ್ತಿಕೊಟ್ಟರೆ ಆಯಿತು. ಇದಕ್ಕೆ ಸ್ಟ್ಯಾಟಿಕ್ ಸೈಟ್ ಎನ್ನುತ್ತಾರೆ. ನೀವು ಪುಟ ತೆರೆದಾಗ ಪದಪಟ್ಟಿಯ ಒಂದು ಪ್ರತಿ ನಿಮ್ಮ ಕಂಪ್ಯೂಟರಿಗೇ ಬಂದು ಕೂರುತ್ತದೆ, ತಿದ್ದುವ ಕೆಲಸ ಅಲ್ಲೇ ನಡೆಯುತ್ತದೆ. ಹೋಸ್ಟಿಂಗ್ ಎಂದರೆ ಆ ಗಾಜಿನ ಪೆಟ್ಟಿಗೆಗೆ ಜಾಗ ಕೊಡುವವರು, ಅಷ್ಟೇ.

ಜಾಗ ನಾಲ್ಕು ಥರ ಸಿಗುತ್ತದೆ. ವರ್ಷಕ್ಕಿಷ್ಟು ಎಂದು ಬಾಡಿಗೆಗೆ ಕೊಡುವವರಿದ್ದಾರೆ. ಪೂರ್ತಿ ಯಂತ್ರವನ್ನೇ ಬಾಡಿಗೆಗೆ ಪಡೆಯಬಹುದು, ಆದರೆ ಕಸ ಗುಡಿಸಿ ಬೀಗ ಹಾಕುವುದೂ ನಮ್ಮ ಪಾಲಿಗೆ. ಎಷ್ಟು ಜನ ನೋಡಿದರೋ ಅಷ್ಟಕ್ಕೆ ಬಿಲ್ ಮಾಡುವ ಜಾಗಗಳಿವೆ. ಇನ್ನು ನಮ್ಮಂಥ ಮುಕ್ತ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದದ್ದಕ್ಕೆ, ಬಿಟ್ಟಿಯಾಗಿ ಇಟ್ಟುಕೊಳ್ಳುವ ದೊಡ್ಡ ಕಂಪನಿಗಳೂ ಇವೆ.

ಈಗ ಇರುವುದು ಪರಿಚಯದವರ ಒಂದು ಜಾಗದಲ್ಲಿ. ಅಲ್ಲಿ ಆಗಾಗ ಸಣ್ಣ ತೊಂದರೆ.

ತಮ್ಮ,
ಕೈಲಾಸ್


ಮಲ್ಲೇಶ್ವರಂ
4 ಫೆಬ್ರವರಿ 2024

ಕೈಲಾಸ್ ಅವರಿಗೆ,

ಬನ್ನಿನ ಉದಾಹರಣೆ ಚೆನ್ನಾಗಿದೆ. ಓದಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಸಂಪಿಗೆ ರಸ್ತೆಯ ಒಂದು ಮಹಡಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಕಚೇರಿ ಇದೆ, ಹೋಗಿದ್ದೆ. ಅಲ್ಲಿದ್ದ ಹೆಣ್ಣುಮಗಳ ಹೆಸರು ಸುಪ್ರಜಾ. ನನಗೆ ಕೇಳಿಸದೆಂದು ಗೊತ್ತಾದ ಕೂಡಲೇ ಹಾಳೆ ತೆಗೆದು ಬರೆದು ತೋರಿಸಿದಳು. ತಿಂಗಳಿಗೆ ಅರವತ್ತೊಂಬತ್ತು ರೂಪಾಯಿ. ಅಬ್ಬಾ, ಇಷ್ಟೇ ಎಂದುಕೊಂಡೆ. ಕರಡು ತಿದ್ದಿದವಳ ಕಣ್ಣು ಸಣ್ಣ ಅಕ್ಷರಕ್ಕೇ ಮೊದಲು ಹೋಗುತ್ತದೆ. ಮೂರು ವರ್ಷದ ಹಣ ಮೊದಲೇ ಕಟ್ಟಿದರೆ ಆ ದರ, ನವೀಕರಿಸುವಾಗ ಮೂರೂವರೆ ಪಟ್ಟು. ಅದನ್ನು ಬೆರಳಿಟ್ಟು ತೋರಿಸಿದೆ. ಆಕೆ ನಕ್ಕು, "ಯಾರೂ ಓದಲ್ಲ ಆಂಟಿ" ಎಂದು ಬರೆದಳು.

ಬಿಟ್ಟಿ ಜಾಗದ ಬಗ್ಗೆ ಕೇಳಿದೆ. ಅವರು ನಿಯಮ ಬದಲಾಯಿಸಿದರೆ? ಬಾಗಿಲು ಮುಚ್ಚಿದರೆ? ಅದಕ್ಕೆ ಆಕೆ ಹೇಳಿದ್ದು ನನಗೆ ಹೊಸದು. ಸ್ಟ್ಯಾಟಿಕ್ ಸೈಟನ್ನು ಯಾವಾಗ ಬೇಕಾದರೂ ಗಂಟು ಕಟ್ಟಿ ಬೇರೆ ಕಡೆ ಇಡಬಹುದು. ವಿಳಾಸ ಮಾತ್ರ, ಅಂದರೆ ಡೊಮೇನ್ ಹೆಸರು, ನಮ್ಮದೇ ಆಗಿರಬೇಕು. ಈಗ ನಮಗಿರುವ ಉದ್ದನೆಯ ವಿಳಾಸ ಎರವಲಿನದು ಎಂದೂ ತಿಳಿಯಿತು.

ಇನ್ನೊಂದು. ಪುಟ ಕಾಣೆಯಾಗುವ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದ್ದೇನೆ. ಯಾಕೆಂದು ಕೇಳಬೇಡಿ, ಅಭ್ಯಾಸ. ಒಂದೇ ತಪ್ಪು ಮತ್ತೆ ಮತ್ತೆ ಕಂಡರೆ ಅಚ್ಚಿನ ಮೊಳೆ ಜೋಡಿಸಿದವನ ಕೈ ಯಾವುದೆಂದು ಹೇಳುತ್ತಿದ್ದೆ.

ಇಂತಿ,
ಚೂಡಾಮಣಿ


ಬೆಂಗಳೂರು
9 ಫೆಬ್ರವರಿ 2024

ಚೂಡಾಮಣಿ ಮೇಡಂ ಅವರಿಗೆ,

ನೀವು ಇಷ್ಟು ಓಡಾಡುತ್ತಿರುವುದು ನೋಡಿ ಸಂಕೋಚವಾಗುತ್ತಿದೆ. ಸುಪ್ರಜಾ ಹೇಳಿದ್ದೆಲ್ಲ ಸರಿ. ಬಳಸಿದಷ್ಟಕ್ಕೆ ಬಿಲ್ ಮಾಡುವ ಜಾಗ ನಮಗೆ ಬೇಡ. ಪರೀಕ್ಷೆಯ ಕಾಲದಲ್ಲಿ ಯಾವುದೋ ಕಾಲೇಜಿನವರು ಒಟ್ಟಿಗೆ ನುಗ್ಗಿದರೆ ತಿಂಗಳ ಕೊನೆಗೆ ಎಷ್ಟಾಗುತ್ತದೆಂದು ಹೇಳಲಾಗದು.

ಹೊತ್ತು ಬರೆದಿಡುವುದು ಬೇಡವಿತ್ತು ಮೇಡಂ. ಜಾಗ ಬದಲಾದರೆ ಎಲ್ಲ ಸರಿಯಾಗುತ್ತದೆ.

ತಮ್ಮ,
ಕೈಲಾಸ್


ಮಲ್ಲೇಶ್ವರಂ
3 ಮಾರ್ಚ್ 2024

ಕೈಲಾಸ್ ಅವರಿಗೆ,

ಬೇಡವೆಂದಿರಿ, ಆದರೂ ಬರೆದಿಟ್ಟೆ. ಏಳು ವಾರಗಳಲ್ಲಿ ಆರು ಸಲ ಪುಟ ಹೋಗಿದೆ. ನಾಲ್ಕು ಸಲ ಒಂದೇ ರೀತಿ: ಬೆಳಿಗ್ಗೆ ಹತ್ತೂಕಾಲಿಗೆ ಮರೆಯಾಗುತ್ತದೆ, ಸಂಜೆ ನಾಲ್ಕು ಗಂಟೆಯ ಆಸುಪಾಸು ಬರುತ್ತದೆ. ಯಾವ ಯಂತ್ರ ಹೀಗೆ ಗಂಟೆ ನೋಡಿಕೊಂಡು ಕೆಡುತ್ತದೆ? ತಲೆ ಕೆಡಿಸಿಕೊಂಡು ಕೂತಿದ್ದಾಗ ಪತ್ರಿಕೆಯ ಒಳಪುಟದಲ್ಲಿ "ಇಂದು ವಿದ್ಯುತ್ ವ್ಯತ್ಯಯ" ಕಣ್ಣಿಗೆ ಬಿತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಹಳೆಯ ಪತ್ರಿಕೆಗಳು ರದ್ದಿಗೆ ಹೋಗಿರಲಿಲ್ಲ, ಎಲ್ಲವನ್ನೂ ಹರಡಿಕೊಂಡು ಕೂತೆ. ಆ ನಾಲ್ಕು ದಿನದ ಪಟ್ಟಿಗಳಲ್ಲೂ ಇರುವ ಬಡಾವಣೆ ಒಂದೇ. ಶ್ರೀರಾಂಪುರ.

ಅರ್ಥವಾಗದೆ ಉಳಿದದ್ದು ಆ ಕಾಲು ಗಂಟೆ. ಕರೆಂಟು ಹತ್ತಕ್ಕೆ ಹೋದರೆ ಪುಟ ಹತ್ತೂಕಾಲಿಗೆ ಯಾಕೆ ಹೋಗಬೇಕು?

ಕೈಲಾಸ್, ನಮ್ಮ ಪುಟ ಶ್ರೀರಾಂಪುರದಲ್ಲಿದೆಯೇ? ನೀವೂ ಅಲ್ಲೇ ಇರುವಿರಾ? ಹಾಗಾದರೆ ನಮ್ಮ ಮನೆಯಿಂದ ನಡೆದುಕೊಂಡು ಬರುವಷ್ಟು ದೂರ. ನಾಲ್ಕು ವರ್ಷ ಬರೆದುಕೊಂಡಿದ್ದೇವೆ. ಮಧುಸೂದನ್ ಅವರು ಗುಂಪಿನಲ್ಲಿ "ನಮ್ಮ ಕೈಲಾಸ್ ಸರ್ ದೊಡ್ಡ ಕಂಪನಿಯ ಇಂಜಿನಿಯರು" ಎಂದು ಬರೆಯುವುದನ್ನು ಓದಿ, ಎಲ್ಲೋ ವೈಟ್‌ಫೀಲ್ಡಿನ ಕಡೆಯವರು ಎಂದುಕೊಂಡಿದ್ದೆ.

ಇಂತಿ,
ಚೂಡಾಮಣಿ


ಶ್ರೀರಾಂಪುರ
24 ಮಾರ್ಚ್ 2024

ಚೂಡಾಮಣಿ ಮೇಡಂ ಅವರಿಗೆ,

ಮೂರು ವಾರ ಉತ್ತರ ಬರೆಯಲಿಲ್ಲ. ಬರೆದು ಅಳಿಸಿದೆ, ಐದಾರು ಸಲ.

ಹದಿನಾರನೇ ತಾರೀಕು ಶನಿವಾರ ಬೆಳಿಗ್ಗೆ ನೀವು ಅಂಗಡಿಗೆ ಬಂದಿದ್ದಿರಿ. ರೇಷನ್ ಕಾರ್ಡಿನ ಎರಡು ಜೆರಾಕ್ಸ್ ಕೇಳಿದಿರಿ. "ಎರಡೂ ಕಡೆನಾ?" ಎಂದು ನಾನು ಕೇಳಿದ್ದು ನಿಮಗೆ ಕೇಳಿಸಲಿಲ್ಲ. ಯಂತ್ರ ಬಿಸಿಯಾಗುವವರೆಗೆ ಬೆಂಚಿನ ಮೇಲೆ ಕೂತು, ಮೇಜಿನ ಮೇಲಿದ್ದ ಒಂದು ಮದುವೆ ಕಾರ್ಡಿನ ಕರಡು ಕೈಗೆತ್ತಿಕೊಂಡಿರಿ. ಆಮೇಲೆ ಪರ್ಸಿನಿಂದ ಪೆನ್ಸಿಲ್ ತೆಗೆದು, "ಆಶಿರ್ವಾದ" ಎಂಬಲ್ಲಿ ಒಂದು ಓರೆಗೆರೆ ಎಳೆದು, ಅಂಚಿನಲ್ಲಿ ದೀರ್ಘ ಬರೆದು ಸುತ್ತು ಹಾಕಿದಿರಿ. ಯಾರ ಕಾರ್ಡೋ, ಯಾರ ಅಂಗಡಿಯೋ ಎಂದು ನೋಡಲಿಲ್ಲ. ನೀವು ಸ್ಕ್ಯಾನ್ ಮಾಡಿ ಕಳಿಸುವ ಹಾಳೆಗಳಲ್ಲಿ ಆ ಗುರುತನ್ನು ಸಾವಿರ ಸಲ ನೋಡಿದ್ದೇನೆ. ನೀವೇ ಎಂದು ಗೊತ್ತಾಯಿತು. ಚಿಲ್ಲರೆ ಕೊಟ್ಟೆ. ನೀವು ಹೋದಿರಿ.

ನಾನು ಇಂಜಿನಿಯರಲ್ಲ ಮೇಡಂ. ಪಿಯುಸಿ ಮುಗಿಸಲಿಲ್ಲ. ಚಿಕ್ಕಪೇಟೆಯಲ್ಲಿ ನಮ್ಮ ತಂದೆ ವೀರಭದ್ರಯ್ಯನವರಿಗೆ ಬೇರೆಯವರ ಬಟ್ಟೆ ಅಂಗಡಿಯಲ್ಲಿ ಕೆಲಸವಿತ್ತು. ಅವರು ಹಾಸಿಗೆ ಹಿಡಿದ ವರ್ಷ ನಾನು ಕಾಲೇಜು ಬಿಟ್ಟು ಈ ಜೆರಾಕ್ಸ್ ಅಂಗಡಿ ಹಿಡಿದೆ. ಕಾರ್ಡು, ಅರ್ಜಿ, ಬಾಂಡ್ ಪೇಪರ್ ಟೈಪಿಂಗು. ಮಧುಸೂದನ್ ಸರ್ ಮೊದಲ ಸಲ ಇಂಜಿನಿಯರು ಎಂದಾಗ ತಿದ್ದಲಿಲ್ಲ. ಎರಡನೇ ಸಲಕ್ಕೆ ತಿದ್ದುವುದು ಕಷ್ಟವಾಯಿತು. ಆಮೇಲೆ ಆಗಲೇ ಇಲ್ಲ.

ತಿದ್ದೋಲೆ ಯಾಕೆ ಶುರುವಾಯಿತೆಂದು ನೀವು ಒಮ್ಮೆ ಕೇಳಿದ್ದಿರಿ, ಹೇಳಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಆರುನೂರು ಮದುವೆ ಕಾರ್ಡು ಮಾಡಿಸಿದ್ದೆ. "ವಧು" ಎಂದಿರಬೇಕಾದಲ್ಲಿ "ವಧೆ" ಎಂದು ಬಿದ್ದಿತ್ತು. ಕೊಂಬಿನ ಬದಲು ಎತ್ವ. ಬೆರಳು ತಪ್ಪಿ ಬೇರೆ ಕೀಲಿಗೆ ಬಿದ್ದಿತ್ತು, ನಾನು ನೋಡಲಿಲ್ಲ. ಹುಡುಗಿಯ ತಂದೆ ಬಂದರು. ಮತ್ತೆ ಮಾಡಿಸಲು ದಿನ ಉಳಿದಿರಲಿಲ್ಲ. ಅವರು ಬೈಯಲಿಲ್ಲ. ಇದೇ ಬೆಂಚಿನ ಮೇಲೆ ಕೂತು ಒಂದೊಂದು ಕಾರ್ಡಿನಲ್ಲೂ ಬ್ಲೇಡಿನಿಂದ ಎತ್ವ ಕೆರೆದು ಪೆನ್ನಿನಲ್ಲಿ ಕೊಂಬು ಎಳೆದರು. ನಾನೂ ಪಕ್ಕದಲ್ಲಿ ಕೂತೆ. ಸಂಜೆಯಾಯಿತು. ಎದ್ದು ಹೋಗುವಾಗ, "ಇನ್ಮೇಲೆ ನೋಡ್ಕೊಂಡು ಮಾಡಪ್ಪ" ಅಂದರು, ಅಷ್ಟೇ. ಆ ವಾರವೇ ಪ್ರೋಗ್ರಾಮಿಂಗ್ ಕಲಿಯಲು ಶುರುಮಾಡಿದೆ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ.

ಪುಟ ಇರುವುದು ಇದೇ ಅಂಗಡಿಯಲ್ಲಿ, ಕಾರ್ಡಿನ ಆಲ್ಬಂಗಳ ಕೆಳಗಿನ ಹಲಗೆಯ ಮೇಲೆ, ಒಂದು ಹಳೇ ಕಂಪ್ಯೂಟರಿನಲ್ಲಿ. ನಿಮ್ಮ ಕಾಲು ಗಂಟೆ ಯುಪಿಎಸ್ ಬ್ಯಾಟರಿಯದ್ದು. ಕರೆಂಟು ಹೋದ ಮೇಲೆ ಅಷ್ಟು ಹೊತ್ತು ಬರುತ್ತದೆ.

ಗುಂಪಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ತಮ್ಮ,
ಕೈಲಾಸ್


ಮಲ್ಲೇಶ್ವರಂ
27 ಮಾರ್ಚ್ 2024

ಕೈಲಾಸ್,

ನೋಡಲಿಕ್ಕೆಂದೇ ಬಂದಿದ್ದೆ. ಜೆರಾಕ್ಸ್ ನೆಪ.

ಅಂಗಡಿ ಹೇಗೆ ಸಿಕ್ಕಿತೆಂದು ನಿಮಗೆ ಕುತೂಹಲವಿರಬೇಕು. ಪದಪಟ್ಟಿಯನ್ನು ಶುರುವಿನಿಂದ ಓದಿದೆ. ನೀವು ಸೇರಿಸಿದ ಮೊದಲ ಇನ್ನೂರು ಪದಗಳಲ್ಲಿ "ಸುಮುಹೂರ್ತ", "ಆರತಕ್ಷತೆ", "ಜ್ಯೇಷ್ಠ ಪುತ್ರಿ", "ಆಗಮನಾಭಿಲಾಷಿಗಳು". ಕಂಪನಿಯ ಇಂಜಿನಿಯರನಿಗೆ ಮೊದಲು ನೆನಪಾಗುವ ಪದಗಳಲ್ಲ ಅವು. ಶ್ರೀರಾಂಪುರದಲ್ಲಿ ಮದುವೆ ಕಾರ್ಡಿನ ಫಲಕವಿದ್ದ ಅಂಗಡಿಗಳಿಗೆ ಹೋದೆ. ಎರಡನೆಯದರಲ್ಲಿ ಆಲ್ಬಂಗಳ ಕೆಳಗೆ ಹಸಿರು ದೀಪ ಮಿನುಗುತ್ತಿತ್ತು, ಅದರ ಮುಂದೆ ಒಂದು ಟೇಬಲ್ ಫ್ಯಾನು. ಗಿರಾಕಿಗೆ ಇಲ್ಲದ ಫ್ಯಾನು ಯಂತ್ರಕ್ಕಿತ್ತು. ಬೇರೆ ಸಾಕ್ಷಿ ಬೇಕಿರಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಸುಳ್ಳೇಕೆ ಬರೆಯಲಿ? ಅಂಗಡಿ ಕಂಡಿದ್ದಕ್ಕಲ್ಲ. ನಾಲ್ಕು ವರ್ಷ ನನ್ನ ಪ್ರತಿಯೊಂದು ಪ್ರಶ್ನೆಗೂ ಉತ್ತರ ಕೊಟ್ಟವರು ಇದೊಂದನ್ನು ತಪ್ಪಿಸಿಕೊಂಡಿರಲ್ಲ ಎಂದು. ಎರಡು ದಿನ ಇತ್ತು. ಆಮೇಲೆ ಆ ಫ್ಯಾನು ನೆನಪಾಗುತ್ತಲೇ ಹೋಯಿತು.

ಒಂದು ಮಾತು ಮಾತ್ರ. "ವಧೆ" ಸರಿಯಾದ ಪದ. ನಮ್ಮ ತಿದ್ದೋಲೆ ಅದನ್ನು ಇವತ್ತಿಗೂ ಹಿಡಿಯುವುದಿಲ್ಲ, ಪರೀಕ್ಷಿಸಿದೆ. ಅದಕ್ಕೆ ಯಾರಾದರೂ ಕೂತು ಓದಲೇಬೇಕು. ಶನಿವಾರ ಬೆಳಿಗ್ಗೆ ನನಗೆ ಬೇರೆ ಕೆಲಸವಿಲ್ಲ. ಕರಡುಗಳನ್ನು ತೆಗೆದಿಡಿ, ಬರುತ್ತೇನೆ.

ಗುಂಪಿಗೆ ನಾನು ಹೇಳುವುದಿಲ್ಲ. ಅದು ನೀವು ಹೇಳಬೇಕಾದದ್ದು.

ಇಂತಿ,
ಚೂಡಾಮಣಿ


ಶ್ರೀರಾಂಪುರ
22 ಏಪ್ರಿಲ್ 2024

ಚೂಡಾಮಣಿ ಮೇಡಂ ಅವರಿಗೆ,

ಶನಿವಾರ ಎದುರೆದುರು ಕೂತರೂ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಸುದ್ದಿ: ಯಂತ್ರ ಹೋಯಿತು. ನಿನ್ನೆ ಮಧ್ಯಾಹ್ನ ಕರೆಂಟು ಬಂದು, ಹೋಗಿ, ಮತ್ತೆ ಬಂದಾಗ ಒಳಗೆ ಸುಟ್ಟ ವಾಸನೆ. ರಿಪೇರಿಯವರು ನೋಡಿ, ಇನ್ನು ಆಗದು ಎಂದು ಕೈ ಅಲ್ಲಾಡಿಸಿದರು. ಪದಪಟ್ಟಿ, ಪುಟ ಎಲ್ಲದರ ಪ್ರತಿ ಹೊರಗಿದೆ, ಏನೂ ಕಳೆದಿಲ್ಲ. ಆದರೆ ಇಡಲು ಜಾಗವಿಲ್ಲ. ಯುಗಾದಿಯೊಳಗೆ ಆರಿಸಬೇಕೆಂದು ಗುಂಪು ಹೇಳಿತ್ತು, ನಾನೇ ಮುಂದೂಡಿದೆ. ಜಾಗ ಬದಲಾದರೆ ಹಳೆಯದು ಎಲ್ಲಿತ್ತೆಂದು ಯಾರಾದರೂ ಕೇಳುತ್ತಾರೆ ಎಂಬ ಭಯ.

ಬೆಳಿಗ್ಗೆ ಗುಂಪಿಗೆಲ್ಲ ಬರೆದುಬಿಟ್ಟೆ. ಅಂಗಡಿ, ಪಿಯುಸಿ, ಹಲಗೆ ಎಲ್ಲವನ್ನೂ. ನಾಲ್ಕು ಜನ ಒಳ್ಳೆಯ ಮಾತು ಬರೆದಿದ್ದಾರೆ. ಮಧುಸೂದನ್ ಸರ್ ಬಸವನಗುಡಿಯಲ್ಲಿ ಒಂದು ಭಾಷಣದಲ್ಲಿ ನನ್ನನ್ನು ಹೊಗಳಿದ್ದರಂತೆ, ತುಂಬಿದ ಸಭೆಯ ಮುಂದೆ. "ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದಿರಿ" ಎಂದು ಒಂದೇ ಸಾಲು ಬರೆದು ಗುಂಪು ಬಿಟ್ಟರು. ಅವರ ಮಾತಿನಲ್ಲಿ ತಪ್ಪಿಲ್ಲ.

ನನ್ನ ಕೋರಿಕೆ ಇಷ್ಟು. ಜಾಗ ನೀವು ಆರಿಸಿ. ವಿಳಾಸ ನಿಮ್ಮ ಹೆಸರಿನಲ್ಲೇ ಇರಲಿ. ನನ್ನ ಹೆಸರು ಬೇಡ.

ತಮ್ಮ,
ಕೈಲಾಸ್


ಮಲ್ಲೇಶ್ವರಂ
25 ಏಪ್ರಿಲ್ 2024

ಕೈಲಾಸ್,

ಆರಿಸಿದ್ದೇನೆ. ಮುಕ್ತ ತಂತ್ರಾಂಶಕ್ಕೆ ಬಿಟ್ಟಿಯಾಗಿ ಜಾಗ ಕೊಡುವ ಕಡೆ ಪುಟ ಇರಲಿ. ಸುಪ್ರಜಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ನಿಯಮಗಳನ್ನು ಪೂರ್ತಿ ಓದಿದೆ. ನಮ್ಮ ಪುಟದ ಗಾತ್ರಕ್ಕೂ ಓದುಗರ ಸಂಖ್ಯೆಗೂ ಅದು ಧಾರಾಳ. ಅದರ ಇನ್ನೊಂದು ಪ್ರತಿ ಬೇರೆ ಕಂಪನಿಯ ಜಾಗದಲ್ಲಿ ಸಿದ್ಧವಿರಲಿ. ನಾಳೆ ಒಬ್ಬರು ಕೈಬಿಟ್ಟರೆ ಅರ್ಧ ದಿನದಲ್ಲಿ ಸಾಗಿಸಬಹುದು. ದುಡ್ಡು ಖರ್ಚಾಗುವುದು ಡೊಮೇನ್ ಹೆಸರಿಗೆ ಮಾತ್ರ, ವರ್ಷಕ್ಕೆ ಒಂಬೈನೂರು ಚಿಲ್ಲರೆ. ಗುಂಪಿನವರು ಐದು ವರ್ಷದ್ದು ಸೇರಿಸಿ ಕಟ್ಟಲು ಒಪ್ಪಿದ್ದಾರೆ.

ಅರವತ್ತೊಂಬತ್ತು ರೂಪಾಯಿಯ ಬಾಡಿಗೆ ಜಾಗವೂ ಕೆಟ್ಟದ್ದಲ್ಲ. ಆದರೆ ಮೂರು ವರ್ಷದ ನಂತರ ನವೀಕರಿಸುವುದನ್ನು ನಾವು ಮರೆಯುತ್ತೇವೆ. ನಮ್ಮಲ್ಲಿ ಹಣಕ್ಕಿಂತ ಕಡಿಮೆ ಇರುವುದು ಬಿಡುವು.

ವಿಳಾಸ ನನ್ನ ಹೆಸರಿಗೆ ಬೇಡ. ನನಗೆ ಅರವತ್ತಮೂರು. ಅದಕ್ಕಿಂತ ಹೆಚ್ಚಾಗಿ, ಅದು ನನ್ನದಲ್ಲ. ನಾನು ಪದ ಕೊಟ್ಟವಳು. ಎರಡನೆಯ ಬೀಗದಕೈ ನನ್ನ ಬಳಿ ಇರಲಿ, ಅಂದರೆ ಎಚ್ಚರಿಕೆಗಳು ನನ್ನ ಮೇಲ್‌ಗೂ ಬರಲಿ. ಮೊದಲನೆಯದು ನಿಮ್ಮದು.

ಇಂತಿ,
ಚೂಡಾಮಣಿ


ಮಲ್ಲೇಶ್ವರಂ
14 ಮೇ 2024

ಕೈಲಾಸ್,

ಹೋದ ಶನಿವಾರ ಬಂದಾಗ ಅಂಗಡಿ ಬಾಗಿಲು ಹಾಕಿತ್ತು. ಮೇಲ್‌ಗೂ ಉತ್ತರವಿಲ್ಲ.

ಮೂರನೇ ತಾರೀಕು ಡೊಮೇನ್ ಹೆಸರು ನೋಂದಾಯಿಸಿದಿರಿ. ಪುಟ ಬಂದಿದೆ, ಹನ್ನೊಂದು ದಿನದಿಂದ ಒಮ್ಮೆಯೂ ಮರೆಯಾಗಿಲ್ಲ. ಗಂಗರತ್ನಮ್ಮ ಮತ್ತೆ ಬಳಸುತ್ತಿದ್ದಾರೆ. ಆದರೆ ನನಗೆ ಇವತ್ತು ಎರಡನೆಯ ಎಚ್ಚರಿಕೆ ಬಂತು. "ಈ ವಿಳಾಸದ ಒಡೆಯರು ನೀವೇ ಎಂದು ಖಚಿತಪಡಿಸಿ" ಎಂಬ ಕೊಂಡಿಯನ್ನು ನಿಮಗೆ ಕಳಿಸಿದ್ದಾರಂತೆ, ನೀವು ಒತ್ತಿಲ್ಲ. ಹದಿನೈದು ದಿನದೊಳಗೆ ಒತ್ತದಿದ್ದರೆ ವಿಳಾಸ ನಿಲ್ಲಿಸುತ್ತಾರೆ. ಅಂದರೆ ಹದಿನೆಂಟಕ್ಕೆ.

ಮಧುಸೂದನ್ ಅವರ ಮಾತು ಚುಚ್ಚುತ್ತಿರಬೇಕು. ಅವರನ್ನು ನಾನು ಮನೆಗೆ ಹೋಗಿ ಕಂಡೆ. ಕಾಫಿ ಕೊಟ್ಟರು, ಬೇರೆ ಮಾತಾಡಿದರು, ಇದರ ಸುದ್ದಿ ಎತ್ತಲು ಬಿಡಲಿಲ್ಲ. ಅದು ಸರಿಹೋಗುತ್ತದೆಂದು ನಾನು ಹೇಳಲಾರೆ.

ನಿಮ್ಮ ಬದಲು ಯಾರೂ ಅದನ್ನು ಒತ್ತಲು ಬರುವುದಿಲ್ಲ. ಸುಪ್ರಜಾಳನ್ನು ಕೇಳಿಯೂ ನೋಡಿದೆ.

ಇಂತಿ,
ಚೂಡಾಮಣಿ


ಶ್ರೀರಾಂಪುರ
17 ಮೇ 2024

ಚೂಡಾಮಣಿ ಮೇಡಂ ಅವರಿಗೆ,

ಕ್ಷಮಿಸಿ. ಊರಿಗೆ ಹೋಗಿರಲಿಲ್ಲ, ಮನೆಯಲ್ಲೇ ಇದ್ದೆ. ಬಾಗಿಲು ತೆಗೆಯುವ ಮನಸ್ಸಿರಲಿಲ್ಲ.

ಆ ಕೊಂಡಿ ಮೊದಲ ದಿನವೇ ಬಂದಿತ್ತು. ತೆರೆದರೆ ಹೆಸರು, ವಿಳಾಸ, ಫೋನ್ ನಂಬರು ತೋರಿಸಿ, "ಈ ವಿವರಗಳೆಲ್ಲ ನಿಜವೇ?" ಎಂದು ಕೇಳುತ್ತದೆ. ಎಲ್ಲವೂ ನಿಜವೇ. ಆದರೂ ಪ್ರತಿ ಸಲ ಓದಿ ಮುಚ್ಚುತ್ತಿದ್ದೆ. ಯಾರೋ ಬಂದು, "ನೀನ್ಯಾರಪ್ಪ ಇದಕ್ಕೆ ಒಡೆಯ?" ಎಂದು ಕೇಳಿಬಿಡುತ್ತಾರೆ ಅನ್ನಿಸುತ್ತಿತ್ತು.

ಇವತ್ತು ಬೆಳಿಗ್ಗೆ ಅಂಗಡಿ ತೆಗೆದೆ. ಹೂ ಮಾರುವ ಮುನಿಯಕ್ಕ ಪಿಂಚಣಿ ಅರ್ಜಿ ತುಂಬಿಸಲು ಬಂದು ಕೂತಿದ್ದರು. ಅವರಿಗೆ ಓದು ಬರದು. ಅವರ ಹೆಸರು, ಊರು, ಗಂಡನ ಹೆಸರು ಕೇಳಿ ಬರೆದು, ಕೊನೆಗೆ ಎಂದಿನಂತೆ ಎಲ್ಲವನ್ನೂ ಜೋರಾಗಿ ಓದಿ ಹೇಳಿದೆ. "ಎಲ್ಲಾ ನಿಜಾನೇ, ಹೆಬ್ಬೆಟ್ಟು ಎಲ್ಲಿ ಒತ್ಬೇಕು ತೋರ್ಸು" ಎಂದು ಕೈ ಮುಂದೆ ಚಾಚಿದರು. ಒತ್ತಿಸಿಕೊಂಡೆ. ಅವರು ಬೆರಳು ಒರೆಸಿಕೊಳ್ಳುತ್ತಿದ್ದಾಗ ನಾನು ಪರದೆಯ ಕಡೆ ತಿರುಗಿ ಆ ಕೊಂಡಿ ತೆರೆದು ಒತ್ತಿದೆ. ಹಸಿರು ಗುರುತು ಬಂತು. ಆಮೇಲೆ ನಮ್ಮ ಪುಟವನ್ನೂ ತೆರೆದೆ, ಸುಮ್ಮನೆ, ಇದೆಯೋ ಇಲ್ಲವೋ ನೋಡಲು.

ಮುನಿಯಕ್ಕ ಪರದೆಯತ್ತ ಬಗ್ಗಿ ನೋಡಿದರು. "ಏನಪ್ಪ ಇದು, ಯಾರ್ದು?"

"ಕನ್ನಡ ತಪ್ಪಿಲ್ದೆ ಬರೆಯೋಕೆ ಅಕ್ಕ," ಅಂದೆ. "ನಂದೇ."

"ಒಳ್ಳೇದಾಯ್ತು ಬಿಡು," ಎಂದು ಅರ್ಜಿ ಮಡಚಿಕೊಂಡು ಹೋದರು.

ನಾಳೆ ಶನಿವಾರ. ಎರಡು ಕಾರ್ಡಿನ ಕರಡು ಇವೆ, ಒಂದು ಗೃಹಪ್ರವೇಶದ್ದು.

ತಮ್ಮ,
ಕೈಲಾಸ್